ಆಕಾಶವಾಣಿ, ಮೈಸೂರು

ಆಕಾಶವಾಣಿ, ಮೈಸೂರು – ಭಾರತದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪ್ರಸಾರ ಭಾರತಿಯ ಆಡಳಿತಕ್ಕೆ ಒಳಪಟ್ಟ ಬಾನುಲಿ ಕೇಂದ್ರ. ಮೈಸೂರು ನಗರದ ಯಾದವಗಿರಿ ಬಡಾವಣೆಯಲ್ಲಿರುವ ಈ ಕೇಂದ್ರವು ಎಫ್.ಎಂ. 100.6 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಮುಖ್ಯವಾಗಿ ಕನ್ನಡದಲ್ಲಿ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿ ಆರಂಭಿಸಿದ ಖಾಸಗಿ ಬಾನುಲಿ ನಿಲಯವೇ ಇದರ ಮೂಲ. ಆ ಪುಟ್ಟ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ಜಾಲವು ಸ್ವೀಕರಿಸಿತು. ಒಂದು ಊರಿನ ನಿಲಯದ ಹೆಸರು ರಾಷ್ಟ್ರದ ಸಂಸ್ಥೆಯ ಹೆಸರಾದದ್ದು ಮತ್ತು ಅದೇ ಊರು ಸುಮಾರು ಎರಡು ದಶಕ ಕಾಲ ತನ್ನ ನಿಲಯವನ್ನೇ ಕಳೆದುಕೊಂಡಿದ್ದುದು – ಈ ಎರಡು ಸಂಗತಿಗಳಿಂದಾಗಿ ಮೈಸೂರು ಕೇಂದ್ರಕ್ಕೆ ಭಾರತೀಯ ಪ್ರಸಾರದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ.

ಹೆಸರಿನ ಅರ್ಥ ಮತ್ತು ಮೂಲ

'ಆಕಾಶ' ಮತ್ತು 'ವಾಣಿ' ಎಂಬ ಎರಡು ಸಂಸ್ಕೃತ ಪದಗಳು ಕೂಡಿ 'ಆಕಾಶವಾಣಿ' ಆಗಿದೆ. ಆಕಾಶದಿಂದ ಕೇಳಿಬರುವ ಮಾತು ಎಂಬುದು ಇದರ ಅರ್ಥ. ಪುರಾಣಕಥೆಗಳಲ್ಲಿ ಮಾತನಾಡುವವನ ರೂಪ ಕಾಣದೆ ಧ್ವನಿ ಮಾತ್ರ ಕೇಳುವ ಸಂದರ್ಭಗಳುಂಟು. ದೇವಕಿಯ ಎಂಟನೆಯ ಗರ್ಭದಿಂದ ತನಗೆ ಮರಣವೆಂದು ಕಂಸನು ಕೇಳಿದ ನುಡಿ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಇಂಥ ನುಡಿಯನ್ನು ಕನ್ನಡದಲ್ಲಿ 'ಅಶರೀರವಾಣಿ' ಎಂದೂ ಕರೆಯುವುದುಂಟು. ಹರಿಕಥೆ ಮತ್ತು ಯಕ್ಷಗಾನಗಳ ಮೂಲಕ ಈ ಕಲ್ಪನೆ ಅಕ್ಷರ ಬಾರದವರಿಗೂ ಪರಿಚಿತವಾಗಿದ್ದುದರಿಂದ, ಹೊಸದಾಗಿ ಬಂದ ಯಂತ್ರವೊಂದಕ್ಕೆ ಆ ಹೆಸರು ಯಾವ ವಿವರಣೆಯೂ ಇಲ್ಲದೆ ಅರ್ಥವಾಗುವಂತಿತ್ತು.

ಮೈಸೂರಿನ ನಿಲಯಕ್ಕೆ ಈ ಹೆಸರನ್ನು ಸೂಚಿಸಿದವರು ಕನ್ನಡದ ಹಾಸ್ಯ ಲೇಖಕ ನಾ. ಕಸ್ತೂರಿ (ನಾರಾಯಣ ಕಸ್ತೂರಿ ರಂಗನಾಥ ಶರ್ಮ) ಎಂಬುದು ಹೆಚ್ಚಾಗಿ ಪ್ರಚಾರದಲ್ಲಿರುವ ಅಭಿಪ್ರಾಯ. ಕೆಲವು ಬರಹಗಳು ಇದರ ಶ್ರೇಯಸ್ಸನ್ನು ಸ್ವತಃ ಗೋಪಾಲಸ್ವಾಮಿ ಅವರಿಗೆ ಸಲ್ಲಿಸುತ್ತವೆ. ಇಬ್ಬರೂ ಒಂದೇ ನಿಲಯದ ಕೆಲಸದಲ್ಲಿ ಜೊತೆಯಾಗಿ ತೊಡಗಿದ್ದವರಾದುದರಿಂದ ಈ ಎರಡು ಹೇಳಿಕೆಗಳ ನಡುವಿನ ಅಂತರ ದೊಡ್ಡದಲ್ಲ. ಕಸ್ತೂರಿಯವರು ಹುಟ್ಟಿದ್ದು ಇಂದಿನ ಕೇರಳದಲ್ಲಿ; ಮನೆಮಾತು ಮಲಯಾಳ. ಅಧ್ಯಾಪಕರಾಗಿ ಮೈಸೂರಿಗೆ ಬಂದು ನೆಲೆಸಿದ ಅವರು ಕನ್ನಡದಲ್ಲಿ ಬರೆದು ಹೆಸರಾದರು. 'ಅನರ್ಥಕೋಶ' ಅವರ ಪ್ರಸಿದ್ಧ ಹಾಸ್ಯಕೃತಿ.

ರವೀಂದ್ರನಾಥ ಠಾಕೂರರು ಕಲ್ಕತ್ತದ ಹ್ರಸ್ವತರಂಗ ಪ್ರಸಾರದ ಆರಂಭದ ಸಂದರ್ಭದಲ್ಲಿ, 1938ರಲ್ಲಿ, ಬರೆದ ಕವಿತೆಯಲ್ಲಿಯೂ ಈ ಪದ ಬಂದಿರುವುದರಿಂದ ಹೆಸರಿನ ಮೂಲವನ್ನು ಬಂಗಾಳದೊಂದಿಗೆ ಜೋಡಿಸುವವರೂ ಇದ್ದಾರೆ. ಪದವು ಪ್ರಾಚೀನವಾದುದರಿಂದ ಯಾವ ಭಾರತೀಯ ಲೇಖಕರಿಗೂ ಅದು ಹೊಳೆಯಬಹುದಿತ್ತು. ಆದರೆ ಒಂದು ಬಾನುಲಿ ನಿಲಯದ ಹೆಸರಾಗಿ ಅದು ಬಳಕೆಗೆ ಬಂದದ್ದು ಮೈಸೂರಿನಲ್ಲಿ, ಆ ಕವಿತೆಗೆ ಮೂರು ವರ್ಷ ಮೊದಲು.

ಹಿನ್ನೆಲೆ

ಭಾರತದಲ್ಲಿ ಬಾನುಲಿ ಪ್ರಸಾರವನ್ನು ಮೊದಲು ಮಾಡಿದ್ದು ಹವ್ಯಾಸಿಗಳ ಸಂಘಗಳು. 1923ರಲ್ಲಿ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ, 1924ರಲ್ಲಿ ಮದ್ರಾಸಿನಲ್ಲಿ ರೇಡಿಯೋ ಕ್ಲಬ್ಬುಗಳು ಅಲ್ಪ ಪ್ರಮಾಣದಲ್ಲಿ ಪ್ರಸಾರ ನಡೆಸಿದವು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿ ಎಂಬ ಖಾಸಗಿ ಸಂಸ್ಥೆ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ನಿಲಯಗಳನ್ನು ತೆರೆಯಿತು. ಮೂರೇ ವರ್ಷಗಳಲ್ಲಿ, 1930ರ ಮಾರ್ಚ್‌ನಲ್ಲಿ, ಅದು ದಿವಾಳಿಯಾಗಿ ಮುಚ್ಚಿತು. ರೇಡಿಯೋ ಪೆಟ್ಟಿಗೆಗಳ ಬೆಲೆ ಹೆಚ್ಚಾಗಿದ್ದುದು, ಪರವಾನಗಿ ಶುಲ್ಕದಿಂದ ಬರುವ ಆದಾಯ ಸಾಲದಿದ್ದುದು ಇದಕ್ಕೆ ಕಾರಣ. ಬಳಿಕ ಸರ್ಕಾರವು ಆ ನಿಲಯಗಳನ್ನು ವಹಿಸಿಕೊಂಡಿತು. 1936ರ ಜೂನ್ 8ರಂದು ಸರ್ಕಾರದ ಪ್ರಸಾರ ವಿಭಾಗಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದಿತು. ಈ ಹೆಸರನ್ನು ತಂದವರು ಅಂದಿನ ಪ್ರಸಾರ ನಿಯಂತ್ರಕರಾಗಿದ್ದ ಲಯೊನೆಲ್ ಫೀಲ್ಡನ್.

ದೇಶೀಯ ಸಂಸ್ಥಾನಗಳು ಬ್ರಿಟಿಷ್ ಭಾರತದ ಈ ವ್ಯವಸ್ಥೆಯ ಹೊರಗಿದ್ದವು. ಮೈಸೂರು ಸಂಸ್ಥಾನದಲ್ಲಿ ಬಾನುಲಿಗೆ ಬೇಕಾದ ಎರಡು ಅನುಕೂಲಗಳು ಮೊದಲೇ ಇದ್ದವು. ಶಿವನಸಮುದ್ರದಲ್ಲಿ 1902ರಿಂದ ಜಲವಿದ್ಯುತ್ ಉತ್ಪಾದನೆಯಾಗುತ್ತಿತ್ತು; 1908ರಲ್ಲಿಯೇ ಮೈಸೂರು ನಗರಕ್ಕೆ ವಿದ್ಯುದ್ದೀಪ ಬಂದಿತ್ತು. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವು ವಿದ್ವಾಂಸರು, ಲೇಖಕರು ಮತ್ತು ಕೇಳುವ ಅಭಿರುಚಿಯುಳ್ಳವರನ್ನು ಒಂದೆಡೆ ಸೇರಿಸಿತ್ತು. ಕಾಲೇಜಿನ ಗೋಡೆಗಳ ಹೊರಗಿನ ಜನರಿಗೆ ಸರಳ ಕನ್ನಡದಲ್ಲಿ ವಿದ್ಯೆಯ ವಿಷಯಗಳನ್ನು ತಿಳಿಸುವ ಪ್ರಚಾರೋಪನ್ಯಾಸಗಳ ಪರಂಪರೆಯೂ ಆ ವಿಶ್ವವಿದ್ಯಾನಿಲಯದಲ್ಲಿ ಬೆಳೆಯಿತು. ಅರಮನೆಯ ಆಶ್ರಯದಲ್ಲಿ ಬೆಳೆದ ಸಂಗೀತ ವಿದ್ವಾಂಸರು ಊರಿನಲ್ಲಿಯೇ ಇದ್ದರು.

ಎಂ.ವಿ. ಗೋಪಾಲಸ್ವಾಮಿ ಮತ್ತು 'ವಿಠಲ ವಿಹಾರ'

ಗೋಪಾಲಸ್ವಾಮಿ ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದವರು. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಆ ಶಾಸ್ತ್ರಕ್ಕೆ ಮೀಸಲಾದ ಅತ್ಯಂತ ಹಳೆಯ ವಿಭಾಗಗಳಲ್ಲಿ ಇದೂ ಒಂದು. ಪ್ರಯೋಗಾಲಯದ ಉಪಕರಣಗಳ ಬಳಕೆ ಮತ್ತು ಮಕ್ಕಳ ಕಲಿಕೆ ಅವರ ಆಸಕ್ತಿಯ ವಿಷಯಗಳಾಗಿದ್ದವು.

ಒಂಟಿಕೊಪ್ಪಲಿನಲ್ಲಿದ್ದ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ ಅವರು ಪ್ರಸಾರವನ್ನು ಆರಂಭಿಸಿದರು. ಈ ಸ್ಥಳ ಇಂದಿನ ಕೇಂದ್ರದ ಸಮೀಪದಲ್ಲಿಯೇ ಇದೆ. ಆರಂಭದಲ್ಲಿ ಬಳಸಿದ ಪ್ರೇಷಕ ಯಂತ್ರದ ಸಾಮರ್ಥ್ಯ 30 ವ್ಯಾಟ್. ಒಂದು ಸಾಧಾರಣ ವಿದ್ಯುದ್ದೀಪ ಉರಿಯಲು ಬೇಕಾಗುವುದಕ್ಕಿಂತ ಇದು ಕಡಮೆ. ಮುಂದೆ 250 ವ್ಯಾಟ್ ಸಾಮರ್ಥ್ಯದ ಯಂತ್ರವನ್ನು ವಿದೇಶದಿಂದ ತರಿಸಲಾಯಿತು. ಮೊದಲ ಕಾಲದ ಕಾರ್ಯಕ್ರಮಗಳಲ್ಲಿ ಕುವೆಂಪು ಅವರ ಕಾವ್ಯವಾಚನ ಸೇರಿತ್ತು. ಕರ್ನಾಟಕ ಸಂಗೀತ, ಸಾಹಿತ್ಯ, ಸಾರ್ವಜನಿಕ ಆರೋಗ್ಯ, ಮಕ್ಕಳ ಪಾಲನೆ ಮೊದಲಾದ ವಿಷಯಗಳಿಗೆ ನಿಲಯ ಒತ್ತು ಕೊಟ್ಟಿತು.

ಧ್ವನಿಮುದ್ರಣದ ಸೌಲಭ್ಯ ವಿರಳವಾಗಿದ್ದ ಆ ಕಾಲದಲ್ಲಿ ಬಹುಪಾಲು ಕಾರ್ಯಕ್ರಮಗಳು ನೇರ ಪ್ರಸಾರಗಳೇ. ಹಾಡುವವರು, ಮಾತನಾಡುವವರು ನಿಗದಿತ ಹೊತ್ತಿಗೆ ಮೈಕಿನ ಮುಂದೆ ಹಾಜರಿರಬೇಕಿತ್ತು. ತಪ್ಪಿದರೆ ತಿದ್ದಲು ಅವಕಾಶವಿರಲಿಲ್ಲ. ಕೇಳುಗರ ಸಂಖ್ಯೆಯೂ ಸೀಮಿತ. ರೇಡಿಯೋ ಪೆಟ್ಟಿಗೆ ಶ್ರೀಮಂತರ ಮನೆಯ ವಸ್ತುವಾಗಿತ್ತು. ಹೀಗಾಗಿ ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಧ್ವನಿವರ್ಧಕದ ಮೂಲಕ ಬಾನುಲಿಯನ್ನು ಕೇಳಿಸುವ ಪದ್ಧತಿ ಆ ಕಾಲದ ಭಾರತದ ಪಟ್ಟಣಗಳಲ್ಲಿ ರೂಢಿಗೆ ಬಂದಿತು.

ನಿಲಯದ ವೆಚ್ಚವನ್ನು ಗೋಪಾಲಸ್ವಾಮಿ ಅವರು ಬಹುಮಟ್ಟಿಗೆ ತಾವೇ ಭರಿಸಿದರು. ಸಾರ್ವಜನಿಕರ ಮತ್ತು ಪುರಸಭೆಯ ನೆರವೂ ದೊರೆಯಿತು. ಜಾಹೀರಾತಿನ ಆದಾಯವನ್ನು ನೆಚ್ಚಿ ಹೊರಟ ಉದ್ಯಮ ಇದಾಗಿರಲಿಲ್ಲ. ಪರವಾನಗಿ ಶುಲ್ಕದಲ್ಲಿ ಪಾಲು ಪಡೆಯುವ ಸರ್ಕಾರಿ ನಿಲಯವೂ ಆಗಿರಲಿಲ್ಲ. ಇಂಥ ವ್ಯವಸ್ಥೆಯನ್ನು ಒಬ್ಬ ಪ್ರಾಧ್ಯಾಪಕರ ಆದಾಯದ ಮೇಲೆ ದೀರ್ಘಕಾಲ ನಡೆಸುವುದು ಸಾಧ್ಯವಿರಲಿಲ್ಲ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಗೋಪಾಲಸ್ವಾಮಿ ಅವರು ಕೆಲಕಾಲ ಅದರ ಮೇಲ್ವಿಚಾರಣೆಯಲ್ಲಿ ಮುಂದುವರಿದರು. ನಾ. ಕಸ್ತೂರಿ ಅವರೂ ನಿಲಯದ ಆಡಳಿತದಲ್ಲಿ ಭಾಗವಹಿಸಿದರು.

ವಿಲೀನ, ಸ್ಥಳಾಂತರ ಮತ್ತು ಪುನರಾರಂಭ

1947ರಲ್ಲಿ ದೇಶ ಸ್ವತಂತ್ರವಾದಾಗ ಆಲ್ ಇಂಡಿಯಾ ರೇಡಿಯೋದ ಆರು ಕೇಂದ್ರಗಳು ಭಾರತದ ಪಾಲಿಗೆ ಉಳಿದವು: ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು, ತಿರುಚಿರಾಪಳ್ಳಿ ಮತ್ತು ಲಖನೌ. ಇವುಗಳಲ್ಲಿ ಒಂದೂ ಕನ್ನಡ ನಾಡಿನಲ್ಲಿರಲಿಲ್ಲ. ಕನ್ನಡಿಗರು ಆಗ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು ಮತ್ತು ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹುಬ್ಬಳ್ಳಿ, ಮಂಗಳೂರು ಅಥವಾ ಕಲಬುರಗಿಯ ಕೇಳುಗರಿಗೆ ಬಾನುಲಿಯಲ್ಲಿ ಕನ್ನಡ ಕೇಳುವ ಅವಕಾಶ, ಬೇರೆ ಭಾಷೆಗೆ ಪ್ರಾಧಾನ್ಯವಿದ್ದ ದೂರದ ನಿಲಯಗಳು ಕೊಡುತ್ತಿದ್ದ ಅಲ್ಪ ಸಮಯಕ್ಕೆ ಸೀಮಿತವಾಗಿತ್ತು. ಪೂರ್ಣ ಪ್ರಮಾಣದಲ್ಲಿ ಕನ್ನಡದ ನಿಲಯವೆನಿಸಿದ್ದು ಮೈಸೂರಿನದು ಮಾತ್ರ.

ಸಂಸ್ಥಾನಗಳು ಭಾರತ ಒಕ್ಕೂಟದಲ್ಲಿ ಸೇರಿದ ಮೇಲೆ ಅವುಗಳ ನಿಲಯಗಳೂ ಕೇಂದ್ರ ಸರ್ಕಾರದ ಜಾಲಕ್ಕೆ ಸೇರಿದವು. 1950ರ ಏಪ್ರಿಲ್ 1ರಂದು ಮೈಸೂರು ನಿಲಯ ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಹೈದರಾಬಾದು ಮತ್ತು ತಿರುವನಂತಪುರದ ನಿಲಯಗಳೂ ಅದೇ ಕಾಲದಲ್ಲಿ ಜಾಲದ ಭಾಗವಾದವು.

1955ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೆಚ್ಚಿನ ಸಾಮರ್ಥ್ಯದ ಹೊಸ ಕೇಂದ್ರ ಆರಂಭವಾಯಿತು. ಮೈಸೂರು ನಿಲಯವನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು. ಈ ನಿರ್ಧಾರಕ್ಕೆ ಆಡಳಿತದ ದೃಷ್ಟಿಯಿಂದ ಸಮರ್ಥನೆಯಿತ್ತು. ಬೆಂಗಳೂರು ರಾಜ್ಯದ ಆಡಳಿತ ಕೇಂದ್ರ. ಮರುವರ್ಷ, 1956ರ ನವೆಂಬರ್ 1ರಂದು, ಕನ್ನಡ ಪ್ರದೇಶಗಳು ಒಂದಾದಾಗ ವಿಶಾಲ ರಾಜ್ಯಕ್ಕೆ ಪ್ರಬಲವಾದ ಕೇಂದ್ರವೊಂದು ಬೇಕಾಗಿತ್ತು. ಆದರೆ ಮೈಸೂರಿನ ಮಟ್ಟಿಗೆ ಇದು ನಷ್ಟವೇ ಆಗಿತ್ತು. 'ಆಕಾಶವಾಣಿ' ಎಂಬ ಹೆಸರು ರಾಷ್ಟ್ರಮಟ್ಟದಲ್ಲಿ ಅಧಿಕೃತವಾದದ್ದು 1956-57ರ ಸುಮಾರಿಗೆ. ಅಂದರೆ, ಹೆಸರು ದೇಶಕ್ಕೆ ಸಂದಾಗ ಅದು ಹುಟ್ಟಿದ ಊರಿನಲ್ಲಿ ನಿಲಯವೇ ಇರಲಿಲ್ಲ.

1974ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಕೇಂದ್ರ ಪುನರಾರಂಭವಾಯಿತು. ಮುಂದೆ ಎಫ್.ಎಂ. ಪ್ರಸಾರಕ್ಕೆ ಬದಲಾದಾಗ ಧ್ವನಿಯ ಸ್ಪಷ್ಟತೆ ಹೆಚ್ಚಿತು. ಮಧ್ಯಮ ತರಂಗದ ಪ್ರಸಾರವು ನೆಲದ ಮೇಲ್ಮೈಯನ್ನು ಅನುಸರಿಸಿ ದೂರ ಸಾಗುತ್ತದೆ. ರಾತ್ರಿಯ ವೇಳೆ ವಾಯುಮಂಡಲದ ಮೇಲುಸ್ತರದಿಂದ ಪ್ರತಿಫಲಿಸಿ ಇನ್ನೂ ದೂರದಲ್ಲಿ ಕೇಳಿಸುತ್ತದೆ. ಆದರೆ ಗುಡುಗು ಮಿಂಚು, ವಿದ್ಯುತ್ ಯಂತ್ರಗಳ ಸದ್ದು ಅದರಲ್ಲಿ ಬೆರೆಯುತ್ತವೆ. ಎಫ್.ಎಂ. ಪ್ರಸಾರ ಹೆಚ್ಚು ಕಡಮೆ ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಅದರ ವ್ಯಾಪ್ತಿ ಚಿಕ್ಕದು, ಗುಣಮಟ್ಟ ಉತ್ತಮ. ಈ ಕಾರಣದಿಂದ ಎಫ್.ಎಂ. ಕೇಂದ್ರವು ಸಹಜವಾಗಿಯೇ ಒಂದು ಸೀಮೆಯ ಕೇಂದ್ರವಾಗುತ್ತದೆ. ಮೈಸೂರು, ಮಂಡ್ಯ ಮತ್ತು ಚಾಮರಾಜನಗರ ಜಿಲ್ಲೆಗಳು ಮೈಸೂರು ಕೇಂದ್ರದ ಮುಖ್ಯ ಶ್ರವಣ ಪ್ರದೇಶಗಳು. ಊರಿನ ಜನರ ಮಾತಿನಲ್ಲಿ ಕೇಂದ್ರದ ಸುತ್ತಲಿನ ಪ್ರದೇಶಕ್ಕೆ ಅದರ ಹೆಸರೇ ನಿಂತಿದ್ದು, ಅಲ್ಲಿನ ವೃತ್ತವನ್ನು ಆಕಾಶವಾಣಿ ವೃತ್ತವೆಂದು ಕರೆಯುತ್ತಾರೆ.

ಕರ್ನಾಟಕದ ಇತರ ಕೇಂದ್ರಗಳು

ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಉತ್ತರ ಕರ್ನಾಟಕದ ಆಡುನುಡಿ, ಹಿಂದುಸ್ತಾನಿ ಸಂಗೀತ ಮತ್ತು ಜನಪದ ಹಾಡುಗಳಿಗೆ ಅದು ವೇದಿಕೆಯಾಯಿತು. ಎನ್ಕೆ ಎಂದು ಪ್ರಸಿದ್ಧರಾದ ಕಾದಂಬರಿಕಾರ ಎನ್.ಕೆ. ಕುಲಕರ್ಣಿ ಅಲ್ಲಿ ಸೇವೆ ಸಲ್ಲಿಸಿದವರು. ಭದ್ರಾವತಿ (1965), ಕಲಬುರಗಿ (1966) ಮತ್ತು ಮಂಗಳೂರು (1976) ಕೇಂದ್ರಗಳು ಅನಂತರ ಬಂದವು. 1990ರ ದಶಕದಲ್ಲಿ ಚಿತ್ರದುರ್ಗ, ಹಾಸನ, ಹೊಸಪೇಟೆ, ಮಡಿಕೇರಿ ಮೊದಲಾದೆಡೆ ಸ್ಥಳೀಯ ಎಫ್.ಎಂ. ಕೇಂದ್ರಗಳು ಬೆಳೆದವು.

ಈ ಕೇಂದ್ರಗಳು ಹೆಚ್ಚಿದಂತೆ ರಾಜ್ಯದೊಳಗಿನ ಇತರ ಭಾಷೆಗಳಿಗೂ ಬಾನುಲಿಯಲ್ಲಿ ಸ್ಥಾನ ದೊರೆಯಿತು. ಮಂಗಳೂರು ಕೇಂದ್ರವು ತುಳು, ಕೊಂಕಣಿ ಮತ್ತು ಬ್ಯಾರಿ ಭಾಷೆಗಳಲ್ಲಿ, ಮಡಿಕೇರಿ ಕೇಂದ್ರವು ಕೊಡವ ಭಾಷೆಯಲ್ಲಿ ಕಾರ್ಯಕ್ರಮಗಳನ್ನು ನೀಡುತ್ತದೆ. ಶಾಲೆಯ ಪಠ್ಯದಲ್ಲಿಯೂ ದಿನಪತ್ರಿಕೆಯಲ್ಲಿಯೂ ಅಷ್ಟಾಗಿ ಕಾಣದ ಭಾಷೆಯೊಂದು ಬಾನುಲಿಯಲ್ಲಿ ಕೇಳಿಬಂದಾಗ ಅದನ್ನಾಡುವ ಜನರಿಗೆ ಉಂಟಾಗುವ ಆತ್ಮಗೌರವವನ್ನು ಅಂಕಿಸಂಖ್ಯೆಗಳಿಂದ ಅಳೆಯಲಾಗದು. ಲಿಪಿಯ ಬಳಕೆ ಕಡಮೆಯಿರುವ ಭಾಷೆಗಳಿಗೆ ಬಾನುಲಿಯು ಮುದ್ರಣಕ್ಕಿಂತ ಮೊದಲು ದೊರೆಯುವ ಆಶ್ರಯ.

ಕಾರ್ಯಕ್ರಮಗಳು

ಆಕಾಶವಾಣಿಯ ಕನ್ನಡ ಕೇಂದ್ರಗಳ ದಿನಚರಿಯಲ್ಲಿ ಒಂದು ಸ್ಥಿರವಾದ ಕ್ರಮ ಬೆಳೆದುಬಂದಿದೆ. ಸಂಕೇತ ಸಂಗೀತ, ವಂದೇ ಮಾತರಂ, ಭಕ್ತಿಗೀತೆಗಳು, ಕಿರುಭಾಷಣವಾದ 'ಚಿಂತನ', ವಾರ್ತೆಗಳು – ಇವು ಬೆಳಗಿನ ಪ್ರಸಾರದ ಅಂಗಗಳು. ತಂತಿವಾದ್ಯದ ಸಂಕೇತ ಸಂಗೀತವು 1930ರ ದಶಕದಲ್ಲಿ ಮುಂಬಯಿಯಲ್ಲಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯೂರೋಪಿನ ಸಂಗೀತಗಾರರ ರಚನೆಯೆಂದು ಹೇಳಲಾಗುತ್ತದೆ.

ವಾರ್ತೆ: ರಾಷ್ಟ್ರೀಯ ವಾರ್ತೆಗಳ ಕನ್ನಡ ಆವೃತ್ತಿ ದೀರ್ಘಕಾಲ ದೆಹಲಿಯಿಂದ ಪ್ರಸಾರವಾಗುತ್ತಿತ್ತು. ರಾಜ್ಯದ ಸುದ್ದಿಗಳು 'ಪ್ರದೇಶ ಸಮಾಚಾರ'ದಲ್ಲಿ ಬರುತ್ತಿದ್ದವು. ಬಾನುಲಿಯ ವಾರ್ತೆಯನ್ನು ಕೇಳಿ ಗಡಿಯಾರ ಸರಿಪಡಿಸಿಕೊಳ್ಳುವುದು ಅನೇಕ ಮನೆಗಳ ರೂಢಿಯಾಗಿತ್ತು. ಪ್ರದೇಶ ಪ್ರದೇಶಕ್ಕೂ ಬದಲಾಗುವ ಕನ್ನಡದ ಆಡುನುಡಿಗಳ ನಡುವೆ ಎಲ್ಲರಿಗೂ ಅರ್ಥವಾಗುವ ಒಂದು ಶಿಷ್ಟ ಉಚ್ಚಾರಣೆಯನ್ನು ಪರಿಚಯಿಸಿದ್ದರಲ್ಲಿ ವಾರ್ತಾವಾಚಕರ ಪಾತ್ರ ದೊಡ್ಡದು.

ಸಂಗೀತ: ಶಾಸ್ತ್ರೀಯ ಸಂಗೀತದ ಕಲಾವಿದರನ್ನು ಧ್ವನಿಪರೀಕ್ಷೆಯ ಮೂಲಕ ಆರಿಸಿ, ಅವರಿಗೆ ಶ್ರೇಣಿಗಳನ್ನು ನೀಡುವ ಪದ್ಧತಿ ಆಕಾಶವಾಣಿಯಲ್ಲಿದೆ. ಅರಮನೆಗಳ ಆಶ್ರಯ ತಪ್ಪಿದ ಕಾಲದಲ್ಲಿ ಬಾನುಲಿಯು ಸಂಗೀತಗಾರರಿಗೆ ಹೊಸ ಪೋಷಕನಾಯಿತು. ಮೈಸೂರಿನ ವೀಣಾ ಪರಂಪರೆಯ ವಿದ್ವಾಂಸರಾದ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರು ಬೆಂಗಳೂರು ಕೇಂದ್ರದ ಸಂಗೀತ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ಕನ್ನಡ ಕವಿಗಳ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಸುಗಮ ಸಂಗೀತ ಪ್ರಕಾರವೂ ಬಾನುಲಿಯ ನೆರವಿನಿಂದ ಬೆಳೆಯಿತು.

ಕೃಷಿ: 1956ರಲ್ಲಿ ಪುಣೆಯ ಸುತ್ತಲಿನ ಜಿಲ್ಲೆಗಳಲ್ಲಿ ಯುನೆಸ್ಕೋ ನೆರವಿನಿಂದ ಗ್ರಾಮೀಣ ಶ್ರೋತೃ ಕೂಟಗಳ ಪ್ರಯೋಗ ನಡೆಯಿತು. ಹಳ್ಳಿಯವರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಕಳುಹಿಸುವ ಕ್ರಮ ಅದು. 1960ರ ದಶಕದ ನಡುವಿನಿಂದ ಆಕಾಶವಾಣಿಯ ಕೇಂದ್ರಗಳಲ್ಲಿ ಕೃಷಿ ವಿಭಾಗಗಳು ಸ್ಥಾಪನೆಯಾದವು. ಕಾವೇರಿ ಮತ್ತು ಕಬಿನಿ ನದಿಗಳ ಬಯಲಿನ ಭತ್ತ, ಕಬ್ಬು, ರೇಷ್ಮೆ, ಚಾಮರಾಜನಗರ ಸೀಮೆಯ ಅರಿಸಿನ – ಇವುಗಳ ಬೇಸಾಯದ ಪ್ರಶ್ನೆಗಳು ಧಾರವಾಡದ ಜೋಳ, ಹತ್ತಿಯ ಪ್ರಶ್ನೆಗಳಲ್ಲ. ಕೃಷಿ ಕಾರ್ಯಕ್ರಮಕ್ಕೆ ಸ್ಥಳೀಯ ಕೇಂದ್ರವೇ ಬೇಕೆನ್ನುವುದಕ್ಕೆ ಇದು ಸರಳವಾದ ಕಾರಣ.

ನಾಟಕ ಮತ್ತು ಭಾಷಣ: ದೃಶ್ಯವಿಲ್ಲದೆ ಮಾತು, ಸದ್ದು ಮತ್ತು ಮೌನಗಳಿಂದಲೇ ಕಥೆ ಹೇಳುವ ಬಾನುಲಿ ನಾಟಕ ಕನ್ನಡದಲ್ಲಿ ಸ್ವತಂತ್ರ ಪ್ರಕಾರವಾಗಿ ಬೆಳೆಯಿತು. ಬೆಂಗಳೂರು ಕೇಂದ್ರದ ಎ.ಎಸ್. ಮೂರ್ತಿ ಅವರು 'ಈರಣ್ಣ' ಎಂಬ ಪಾತ್ರದಿಂದ ರೇಡಿಯೋ ಈರಣ್ಣ ಎಂದೇ ಮನೆಮಾತಾದರು.

ಬಹುಭಾಷಾ ದೇಶಗಳಲ್ಲಿ ಸಾರ್ವಜನಿಕ ಪ್ರಸಾರ

ಹಲವು ಭಾಷೆಗಳ ದೇಶದಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಯು ಯಾವ ಭಾಷೆಗೆ ಎಷ್ಟು ಹೊತ್ತು ಕೊಡಬೇಕು, ಅದನ್ನು ಯಾವ ಊರಿನಿಂದ ಕೊಡಬೇಕು ಎಂಬುದು ಭಾರತಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಆಫ್ರಿಕಾ ಖಂಡದ ಎರಡು ಉದಾಹರಣೆಗಳನ್ನು ಇಲ್ಲಿ ಗಮನಿಸಬಹುದು.

ಆಲ್ ಇಂಡಿಯಾ ರೇಡಿಯೋಗೆ ಹೆಸರು ಬಂದ 1936ರಲ್ಲಿಯೇ ದಕ್ಷಿಣ ಆಫ್ರಿಕಾದ ಪ್ರಸಾರ ನಿಗಮ ಸ್ಥಾಪನೆಯಾಯಿತು. ಮೊದಲಿಗೆ ಅದರ ಗಮನ ಇಂಗ್ಲಿಷ್ ಮತ್ತು ಆಫ್ರಿಕಾನ್ಸ್ ಭಾಷೆಗಳ ಮೇಲಿತ್ತು. 1960ರ ದಶಕದಲ್ಲಿ ಜುಲು, ಷೋಸಾ, ಸೋಥೋ ಮೊದಲಾದ ಭಾಷೆಗಳಿಗೆ ಪ್ರತ್ಯೇಕ ಬಾನುಲಿ ಸೇವೆಗಳು ಬೆಳೆದವು. ಆದರೆ ವರ್ಣಭೇದ ನೀತಿಯ ಆ ಸರ್ಕಾರಕ್ಕೆ ಜನರನ್ನು ಭಾಷೆಯ ಆಧಾರದ ಮೇಲೆ ಬೇರ್ಪಡಿಸುವ ಉದ್ದೇಶವೂ ಇತ್ತು. 1994ರಲ್ಲಿ ಪ್ರಜಾಪ್ರಭುತ್ವ ಬಂದ ಬಳಿಕ ಅವೇ ಭಾಷಾ ಸೇವೆಗಳು ಸಾರ್ವಜನಿಕರ ಆಸ್ತಿಯಾಗಿ ಮುಂದುವರಿದವು. ಭಾರತೀಯ ಮೂಲದವರಿಗಾಗಿ ಲೋಟಸ್ ಎಫ್.ಎಂ. ಎಂಬ ಸೇವೆಯೂ ಅಲ್ಲಿದೆ.

ಇಂದಿನ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ 1941ರಲ್ಲಿ ಆರಂಭವಾದ ನಿಲಯವು ಆಫ್ರಿಕಾದ ಭಾಷೆಗಳಲ್ಲಿ ಪ್ರಸಾರ ಮಾಡಿತು. ಬಡ ಕೇಳುಗರು ಕೊಳ್ಳಬಹುದಾದ ರೇಡಿಯೋ ಇಲ್ಲದಿದ್ದುದರಿಂದ, ಬ್ಯಾಟರಿಯಿಂದ ನಡೆಯುವ ಅಗ್ಗದ ಪೆಟ್ಟಿಗೆಯೊಂದನ್ನು 1949ರ ಸುಮಾರಿಗೆ ಮಾರುಕಟ್ಟೆಗೆ ತರಲಾಯಿತು. ಅದರ ಹೊರಕವಚವು ಅಡುಗೆಯ ಅಲ್ಯೂಮಿನಿಯಂ ಪಾತ್ರೆಯಂತಿದ್ದುದರಿಂದ ಅದು ಪಾತ್ರೆಯ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂದು ಆ ದೇಶದ ರಾಷ್ಟ್ರೀಯ ಪ್ರಸಾರ ನಿಗಮ ಇಂಗ್ಲಿಷ್ ಅಲ್ಲದೆ ಏಳು ದೇಶಭಾಷೆಗಳನ್ನು ಬಳಸುತ್ತದೆ.

ಒಂದು ಭಾಷೆಗೆ ಪ್ರಸಾರದ ಸಮಯ ಸಿಕ್ಕಮಾತ್ರಕ್ಕೆ ಅದನ್ನಾಡುವವರಿಗೆ ದನಿ ಸಿಕ್ಕಿತೆನ್ನಲಾಗದು ಎಂಬುದನ್ನು ದಕ್ಷಿಣ ಆಫ್ರಿಕಾದ ಇತಿಹಾಸ ತೋರಿಸುತ್ತದೆ. ಕೇಳುವ ಸಾಧನ ಕೈಗೆಟುಕದಿದ್ದರೆ ಪ್ರಸಾರ ವ್ಯರ್ಥವೆಂಬುದನ್ನು ಜಾಂಬಿಯಾದ ಅನುಭವ ಸೂಚಿಸುತ್ತದೆ. ಭಾರತದಲ್ಲಿ ಈ ಎರಡನೆಯ ಕೊರತೆಯನ್ನು 1960ರ ದಶಕದಿಂದ ಟ್ರಾನ್ಸಿಸ್ಟರ್ ರೇಡಿಯೋ ನೀಗಿಸತೊಡಗಿತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪಡೆಯಬೇಕಾಗಿದ್ದ ರೇಡಿಯೋ ಪರವಾನಗಿಯೂ 1980ರ ದಶಕದಲ್ಲಿ ರದ್ದಾಯಿತು. ಪ್ರಸಾರ ಭಾರತಿಯ ಪ್ರಕಟಣೆಗಳ ಪ್ರಕಾರ ಆಕಾಶವಾಣಿ 23 ಭಾಷೆಗಳಲ್ಲಿಯೂ 179 ಉಪಭಾಷೆಗಳಲ್ಲಿಯೂ ಪ್ರಸಾರ ಮಾಡುತ್ತದೆ.

ಹೆಸರಿನ ಕುರಿತ ಭಿನ್ನಾಭಿಪ್ರಾಯ

'ಆಕಾಶವಾಣಿ' ಎಂಬ ಹೆಸರು ಎಲ್ಲೆಡೆ ಒಂದೇ ರೀತಿಯ ಸ್ವಾಗತ ಪಡೆಯಲಿಲ್ಲ. ತಮಿಳಿನಲ್ಲಿ ಬಾನುಲಿಗೆ 'ವಾನೊಲಿ' ಎಂಬ ಪದ ಬಳಕೆಯಲ್ಲಿದೆ. ಕನ್ನಡದ 'ಬಾನುಲಿ'ಯೂ ಅದೇ ರೀತಿಯಲ್ಲಿ ಕಟ್ಟಿದ ದೇಶೀಯ ಪದ. ತಮಿಳುನಾಡಿನ ಕೇಂದ್ರಗಳು 'ಆಕಾಶವಾಣಿ' ಎಂದು ಹೇಳುವುದಕ್ಕೆ ಅಲ್ಲಿ ವಿರೋಧ ವ್ಯಕ್ತವಾಯಿತು. ಅದನ್ನು ಹಿಂದಿ ಹೇರಿಕೆಯ ಭಾಗವೆಂದು ಚಳವಳಿಗಾರರು ಭಾವಿಸಿದರು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು ಇಂಗ್ಲಿಷ್ ಪ್ರಸಾರಗಳಲ್ಲಿಯೂ 'ಆಲ್ ಇಂಡಿಯಾ ರೇಡಿಯೋ' ಎಂಬುದನ್ನು ಕೈಬಿಟ್ಟು 'ಆಕಾಶವಾಣಿ' ಎಂದೇ ಬಳಸಬೇಕೆಂದು ಸೂಚಿಸಿದಾಗ ಆ ಆಕ್ಷೇಪ ಮತ್ತೆ ಕೇಳಿಬಂದಿತು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೆಂದರೆ, ಬಾನುಲಿಗೆ ಈ ಹೆಸರು ಬಂದದ್ದು ಹಿಂದಿ ಪ್ರದೇಶದಿಂದಲ್ಲ, ದಕ್ಷಿಣದ ಕನ್ನಡ ನಗರವೊಂದರಿಂದ. ಆದರೆ ಪದದ ಮೂಲ ಯಾವುದು ಎಂಬ ಪ್ರಶ್ನೆ ಬೇರೆ, ಅದನ್ನು ಯಾರು ಯಾರಿಗೆ ವಿಧಿಸುತ್ತಾರೆ ಎಂಬ ಪ್ರಶ್ನೆ ಬೇರೆ. ಮೈಸೂರಿನಲ್ಲಿ ಊರಿನವರೇ ಆರಿಸಿಕೊಂಡ ಹೆಸರು ಇನ್ನೊಂದೆಡೆ ಆದೇಶದ ಮೂಲಕ ಬಂದಾಗ ಅದರ ಅರ್ಥ ಬದಲಾದದ್ದು ಅಸಹಜವಲ್ಲ.

ಸ್ವಾಯತ್ತತೆ

ಸ್ವಾತಂತ್ರ್ಯಾನಂತರ ಆಕಾಶವಾಣಿಯು ಐದು ದಶಕಗಳ ಕಾಲ ಸರ್ಕಾರದ ಇಲಾಖೆಯಾಗಿಯೇ ಇತ್ತು. 1960ರ ದಶಕದಲ್ಲಿ ಚಂದಾ ಸಮಿತಿಯೂ, ತುರ್ತುಪರಿಸ್ಥಿತಿಯ ನಂತರ ನೇಮಕವಾದ ವರ್ಗೀಸ್ ಸಮಿತಿಯೂ ಸ್ವಾಯತ್ತ ಸಂಸ್ಥೆಯ ರಚನೆಗೆ ಶಿಫಾರಸು ಮಾಡಿದವು. 1990ರಲ್ಲಿ ಪ್ರಸಾರ ಭಾರತಿ ಕಾಯಿದೆಗೆ ಸಂಸತ್ತು ಒಪ್ಪಿಗೆ ನೀಡಿತು. ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸಾರಿತು. 1997ರ ನವೆಂಬರ್ 23ರಂದು ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದು, ಆಕಾಶವಾಣಿ ಮತ್ತು ದೂರದರ್ಶನಗಳು ಅದರ ಅಂಗಗಳಾದವು. ಹಣಕಾಸಿಗಾಗಿ ಸಂಸ್ಥೆಯು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಅನುದಾನವನ್ನೇ ಅವಲಂಬಿಸಿರುವುದರಿಂದ ಸ್ವಾಯತ್ತತೆಯ ಪ್ರಶ್ನೆ ಸಂಪೂರ್ಣ ಬಗೆಹರಿದಿಲ್ಲ.

ಇಂದಿನ ಸ್ಥಿತಿ

2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ಆರಂಭವಾದ ಬಳಿಕ ನಗರದ ಕೇಳುಗರಿಗೆ ಆಯ್ಕೆಗಳು ಹೆಚ್ಚಿವೆ. ಖಾಸಗಿ ಎಫ್.ಎಂ. ನಿಲಯಗಳಿಗೆ ಸ್ವಂತ ವಾರ್ತೆ ಪ್ರಸಾರ ಮಾಡಲು ಅನುಮತಿಯಿಲ್ಲವಾದುದರಿಂದ ಬಾನುಲಿ ವಾರ್ತೆಯ ಹೊಣೆ ಈಗಲೂ ಆಕಾಶವಾಣಿಯದೇ. ಮೊಬೈಲ್ ಅಪ್ಲಿಕೇಶನ್ ಮತ್ತು ಅಂತರಜಾಲದ ಮೂಲಕ ಆಕಾಶವಾಣಿಯ ಕೇಂದ್ರಗಳನ್ನು ತರಂಗದ ವ್ಯಾಪ್ತಿಯಾಚೆಗೂ, ಹೊರದೇಶಗಳಲ್ಲಿಯೂ ಕೇಳಬಹುದಾಗಿದೆ.

ಇತ್ತೀಚಿನ ವರ್ಷಗಳಲ್ಲಿ ವೆಚ್ಚ ಮತ್ತು ಸಿಬ್ಬಂದಿಯ ಕೊರತೆಯ ಹಿನ್ನೆಲೆಯಲ್ಲಿ, ರಾಜ್ಯದ ಮುಖ್ಯ ಕೇಂದ್ರದಿಂದ ಹೆಚ್ಚಿನ ಕಾರ್ಯಕ್ರಮಗಳನ್ನು ಸಿದ್ಧಪಡಿಸಿ ಉಳಿದ ಕೇಂದ್ರಗಳಲ್ಲಿ ಸಹಪ್ರಸಾರ ಮಾಡುವ ವಿಚಾರ ಚರ್ಚೆಯಲ್ಲಿದೆ. ಒಂದೇ ಕಾರ್ಯಕ್ರಮ ಹೆಚ್ಚು ಜನರನ್ನು ತಲಪುತ್ತದೆ, ಗುಣಮಟ್ಟ ಕಾಯ್ದುಕೊಳ್ಳಬಹುದು ಎಂಬುದು ಇದರ ಪರವಾದ ವಾದ. ಸ್ಥಳೀಯ ಕಲಾವಿದರು, ಬರಹಗಾರರು ಮತ್ತು ತಾತ್ಕಾಲಿಕ ಉದ್ಘೋಷಕರು ಅವಕಾಶ ಕಳೆದುಕೊಳ್ಳುತ್ತಾರೆ, ಸೀಮೆಯ ನುಡಿ ಮತ್ತು ಬದುಕು ಬಾನುಲಿಯಿಂದ ಮರೆಯಾಗುತ್ತವೆ ಎಂಬುದು ಕೇಳುಗರ ಹಾಗೂ ಸಾಹಿತಿಗಳ ಆತಂಕ. 1955ರಿಂದ 1974ರವರೆಗೆ ಸ್ವಂತ ನಿಲಯವಿಲ್ಲದೆ ಇದ್ದ ಮೈಸೂರಿಗೆ ಈ ಎರಡೂ ವಾದಗಳು ಹೊಸವಲ್ಲ. 30 ವ್ಯಾಟ್ ಯಂತ್ರದಿಂದ ಆರಂಭವಾದ ಈ ಕೇಂದ್ರದ ಇತಿಹಾಸವನ್ನು ಗಮನಿಸಿದರೆ, ಪ್ರಸಾರ ಎಷ್ಟು ದೂರ ಮುಟ್ಟುತ್ತದೆ ಎಂಬುದರಷ್ಟೇ ಅದು ಯಾವ ಊರಿನ ದನಿಯನ್ನು ಹೊತ್ತು ಹೋಗುತ್ತದೆ ಎಂಬುದೂ ಮುಖ್ಯವೆನಿಸುತ್ತದೆ.